ಸಲೀಂ ಅಲಿ ಹುಡುಕಿದ ಗೂಬೆ

ಮಕ್ಕಳೇ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಹಳೆಯ ಮರದ ಪೊಟರೆಯಿಂದ ಸಂಜೆ ಇಣುಕುವ ಪುಟ್ಟ ಗೂಬೆಯನ್ನು ನೀವು ನೋಡಿರಬಹುದು. ಅದೇ ಹಾಲಕ್ಕಿ. ಹಳದಿ ಕಣ್ಣು, ಕಂದು ನೆತ್ತಿಯ ತುಂಬ ಬಿಳಿ ಚುಕ್ಕೆ. ನೋಡಲು ಇದರಂತೆಯೇ ಇರುವ ಇನ್ನೊಂದು ಗೂಬೆ ಡಾ. ಸಲೀಂ ಅಲಿಯವರಿಗೆ ಕೊನೆಯವರೆಗೂ ಸಿಗಲಿಲ್ಲ.

ಸಲೀಂ ಅಲಿ 1896ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಸೋದರಮಾವನ ಮನೆಯಲ್ಲಿ ಬೆಳೆದರು. ಒಮ್ಮೆ ಅವರು ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂದು ತಿಳಿಯಲು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗ, ಮುಂದೆ ಹಕ್ಕಿಗಳ ಬೆನ್ನು ಬಿಡಲೇ ಇಲ್ಲ.

1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಿಮ್ಮ ತಾಲ್ಲೂಕುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದಲೇ.

ಈಗ ಆ ಗೂಬೆಯ ವಿಷಯಕ್ಕೆ ಬರೋಣ. ಕಾಡಿನ ಈ ಕಿರುಗೂಬೆ ವಿಜ್ಞಾನಿಗಳಿಗೆ ಮೊದಲು ಸಿಕ್ಕಿದ್ದು 1872ರಲ್ಲಿ. 1884ರ ನಂತರ ಅದರ ಸುಳಿವೇ ಇರಲಿಲ್ಲ. ಮ್ಯೂಸಿಯಂಗಳಲ್ಲಿ ಹತ್ತಿ ತುಂಬಿ ಇಟ್ಟ ಏಳು ಹಕ್ಕಿಗಳಷ್ಟೇ ಉಳಿದಿದ್ದವು. ಆದರೆ ಇಂಗ್ಲೆಂಡಿನ ಮೈನರ್ಟ್ಸ್‌ಹಾಗನ್ ಎಂಬಾತ 1914ರಲ್ಲಿ ಗುಜರಾತಿನಲ್ಲಿ ಒಂದನ್ನು ಹಿಡಿದೆನೆಂದು ಹೇಳಿಕೊಂಡಿದ್ದ. 1937ರಲ್ಲಿ ಆಫ್ಘಾನಿಸ್ತಾನಕ್ಕೆ ಜೊತೆಯಲ್ಲಿ ಹೋಗಿಬಂದಿದ್ದ ಆತನನ್ನು ಸಲೀಂ ಅಲಿ ಹೇಗೆ ತಾನೆ ಅನುಮಾನಿಸಿಯಾರು? ಅಮೆರಿಕದ ಪಕ್ಷಿವಿಜ್ಞಾನಿ ರಿಪ್ಲೆ ಮತ್ತು ಅವರು ಹುಡುಕಿದ್ದೇ ಹುಡುಕಿದ್ದು, ಗೂಬೆ ಸಿಗಲಿಲ್ಲ. ನಡುವೆ ಯಾರೋ ತೆಗೆದ ಫೋಟೊ ಆಸೆ ಹುಟ್ಟಿಸಿತ್ತು. ಅದರಲ್ಲಿದ್ದದ್ದು ನಮ್ಮ ಹಾಲಕ್ಕಿಯೇ!

1987ರಲ್ಲಿ ಸಲೀಂ ಅಲಿ ತೀರಿಕೊಂಡರು. ಆಮೇಲೆ ಪಮೇಲಾ ರಾಸ್ಮುಸ್ಸೆನ್ ಎಂಬ ವಿಜ್ಞಾನಿ ಆ ಏಳು ಹಕ್ಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೈನರ್ಟ್ಸ್‌ಹಾಗನ್ನನ ಗೂಬೆ ಮ್ಯೂಸಿಯಂನಿಂದಲೇ ಕದ್ದದ್ದು, ಅದಕ್ಕೆ ಕಟ್ಟಿದ್ದ ಚೀಟಿ ಸುಳ್ಳು ಎಂದು ಗೊತ್ತಾಯಿತು. ಆ ಒಂದು ಚೀಟಿಯನ್ನು ನಂಬಿ ಎಷ್ಟು ಜನ ಎಷ್ಟು ವರ್ಷ ಅಲೆದಿದ್ದರೋ!

ರಾಸ್ಮುಸ್ಸೆನ್ ಸಂಗಡಿಗರೊಂದಿಗೆ ನಿಜವಾದ ಚೀಟಿಗಳಲ್ಲಿದ್ದ ಊರುಗಳ ಕಡೆ ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ, ಹಾಡಹಗಲಲ್ಲೇ, ಎಲೆಯುದುರಿದ ಮರದ ಮೇಲೆ ಒಂದು ಕಿರುಗೂಬೆ ಕುಳಿತಿತ್ತು. ಹಾರಿಹೋಗುವ ಮೊದಲೇ ಅದರ ಫೋಟೊ ತೆಗೆದು, ವಿಡಿಯೊ ಮಾಡಿಕೊಂಡರು. ಹೊಟ್ಟೆಯ ಕೆಳಭಾಗ ಅಚ್ಚ ಬಿಳಿ, ಬಾಲದಲ್ಲಿ ಅಗಲವಾದ ಪಟ್ಟಿಗಳು. ನೆತ್ತಿಯ ಮೇಲೆ ಚುಕ್ಕೆಗಳು ಇಲ್ಲವೆನ್ನುವಷ್ಟು ಕಡಿಮೆ.