ಕ್ಯಾಸಟ್ ಬಿಟ್ಟುಹೋದ ಸುರಂಗ

ನ್ಯೂಜೆರ್ಸಿ ಕಡೆಯಿಂದ ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ಗೆ ಹೋಗೋ ಪ್ರತಿ ರೈಲೂ ಹಡ್ಸನ್ ನದಿಯ ಕೆಳಗಿರೋ ಎರಡು ಸುರಂಗಗಳಲ್ಲಿ ಒಂದನ್ನು ಹಾದೇ ಹೋಗಬೇಕು. ಒಂದೊಂದರಲ್ಲಿ ಒಂದೊಂದೇ ಹಳಿ. ಎಡಿಸನ್‌ನಲ್ಲಿ ಮನೆ ಮಾಡ್ಕೊಂಡು ರೈಲಲ್ಲಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಓಡಾಡೋ ಕನ್ನಡಿಗರಿಗೂ ಇದೇ ದಾರಿ. ಇಲ್ಲಿ ರೈಲು ಓಡೋಕೆ ಶುರುವಾಗಿದ್ದು 1910ರಲ್ಲಿ! ಇದನ್ನು ಮಾಡಿಸಿದ ಅಲೆಕ್ಸಾಂಡರ್ ಕ್ಯಾಸಟ್ ಬಗ್ಗೆ ಎಂಜಿನಿಯರಿಂಗ್ ಓದೋ ನಮಗೆ ಗೊತ್ತಿರಬೇಕು ಅನ್ನಿಸಿ ಬರೀತಿದ್ದೀನಿ.

ಕ್ಯಾಸಟ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅನುಕೂಲಸ್ಥ ಮನೆತನ. ಹೆಸರಾಂತ ಚಿತ್ರಕಲಾವಿದೆ ಮೇರಿ ಕ್ಯಾಸಟ್ ಇವರ ತಂಗಿ. ರೆನ್ಸೆಲರ್ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದಾಗ ವಯಸ್ಸು ಹತ್ತೊಂಬತ್ತು, ಅಂದ್ರೆ ನಮ್ಮಷ್ಟೇ. 1861ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಸೇರಿದ್ರು. ಸರ್ವೆ ತಂಡದಲ್ಲಿ ಅಳತೆಕೋಲು ಹಿಡಿಯೋ ಕೆಲಸ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಉಪಾಧ್ಯಕ್ಷರಾದ್ರು. ಜಾರ್ಜ್ ವೆಸ್ಟಿಂಗ್‌ಹೌಸ್ ಅವರ ಏರ್ ಬ್ರೇಕ್ ಇನ್ನೂ ಹೊಸದಾಗಿದ್ದಾಗಲೇ ಅದನ್ನು ಬೆಂಬಲಿಸಿದವರಲ್ಲಿ ಇವರೂ ಒಬ್ಬರು. 1882ರಲ್ಲಿ, ಬರೀ 42 ವರ್ಷಕ್ಕೆ, ಕೆಲಸ ಬಿಟ್ಟು ಕುದುರೆ ಸಾಕೋದರಲ್ಲಿ ಮುಳುಗಿದ್ರು. ಅವರ ಒಂದು ಕುದುರೆ 1886ರ ಪ್ರೀಕ್ನೆಸ್ ರೇಸನ್ನೂ ಗೆದ್ದಿತು. 1899ರಲ್ಲಿ ಕಂಪನಿ ಮತ್ತೆ ಕರೀತು, ಈ ಸಲ ಅಧ್ಯಕ್ಷರಾಗಿ.

ಆಗ ಕಂಪನಿಗೆ ಒಂದು ದೊಡ್ಡ ತಲೆನೋವಿತ್ತು. ಅದರ ರೈಲುಗಳು ನ್ಯೂಜೆರ್ಸಿ ದಡದಲ್ಲೇ ನಿಂತುಬಿಡುತ್ತಿದ್ದವು. ಪ್ರಯಾಣಿಕರು ಅಲ್ಲಿಳಿದು ದೋಣಿ ಹತ್ತಿ ಸುಮಾರು ಒಂದು ಮೈಲಿ ಅಗಲದ ನದಿ ದಾಟಬೇಕಿತ್ತು. ಪ್ರತಿಸ್ಪರ್ಧಿ ನ್ಯೂಯಾರ್ಕ್ ಸೆಂಟ್ರಲ್ ಕಂಪನಿಯ ರೈಲು ಮಾತ್ರ ನೇರ ಊರೊಳಗೇ ಹೋಗುತ್ತಿತ್ತು. ಸೇತುವೆ ಕಟ್ಟೋಣ ಅಂದ್ರೆ ಬೇರೆ ರೈಲು ಕಂಪನಿಗಳು ಖರ್ಚು ಹಂಚಿಕೊಳ್ಳೋಕೆ ಬರಲಿಲ್ಲ. ಸುರಂಗ ಅಂದ್ರೆ ಉಗಿ ಎಂಜಿನ್ನಿನ ಹೊಗೆಗೆ ಒಳಗಿದ್ದವರ ಉಸಿರು ಕಟ್ಟುತ್ತೆ.

1901ರಲ್ಲಿ ಪ್ಯಾರಿಸ್‌ಗೆ ಹೋಗಿದ್ದಾಗ ಕ್ಯಾಸಟ್ ಆರ್ಸೇ ನಿಲ್ದಾಣ ನೋಡಿದ್ರು. ಅಲ್ಲಿ ವಿದ್ಯುತ್ ಎಂಜಿನ್‌ಗಳು ಹೊಗೆಯಿಲ್ಲದೆ ನೆಲದಡಿ ರೈಲು ಎಳೆಯುತ್ತಿದ್ದವು. ಉತ್ತರ ಸಿಕ್ಕಿತು!

ಆದರೆ ತೋಡೋದು ಸುಲಭ ಇರಲಿಲ್ಲ. ಇದೇ ನದಿಯಡಿ ಬೇರೆಯವರು ತೋಡುತ್ತಿದ್ದ ಸುರಂಗ 1880ರಲ್ಲಿ ಕುಸಿದು 20 ಕೆಲಸಗಾರರು ಸತ್ತಿದ್ದರು. ನದಿಯ ನಡುವೆ ಕೆಳಗಿರೋದು ಬಂಡೆಯಲ್ಲ, ಮೆತ್ತನೆ ಕೆಸರು. ಮುಖ್ಯ ಎಂಜಿನಿಯರ್ ಚಾರ್ಲ್ಸ್ ಜೇಕಬ್ಸ್ ತಂಡ ದೊಡ್ಡ ಕಬ್ಬಿಣದ ಶೀಲ್ಡನ್ನು ಎರಡೂ ದಡದಿಂದ ಮುಂದಕ್ಕೆ ತಳ್ಳುತ್ತಾ, ನೀರು ನುಗ್ಗದ ಹಾಗೆ ಒತ್ತಡದ ಗಾಳಿ ತುಂಬಿಸಿ, ಹಿಂದೆ ಹಿಂದೆಯೇ ಎರಕದ ಕಬ್ಬಿಣದ ಬಳೆಗಳನ್ನು ಜೋಡಿಸುತ್ತಾ ಹೋಯಿತು. ಅಂಥ ಗಾಳಿಯಲ್ಲಿ ದುಡಿದು ಹೊರಗೆ ಬಂದವರಿಗೆ ಕೀಲುಗಳೆಲ್ಲ ಹಿಂಡುವ ನೋವು ಬರ್ತಿತ್ತು. ಕೆಲವರು ಜೀವವನ್ನೇ ಕಳ್ಕೊಂಡ್ರು. ಸಾಲದ್ದಕ್ಕೆ, ಸಮುದ್ರದ ಉಬ್ಬರ ಇಳಿತಕ್ಕೆ ಸುರಂಗ ಸ್ವಲ್ಪ ಸ್ವಲ್ಪವೇ ಅಲುಗೋದು ಅಳತೆಯಲ್ಲಿ ಕಂಡು ಎಲ್ಲರಿಗೂ ಚಿಂತೆ ಹತ್ತಿತ್ತು.

1906ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡೂ ಸುರಂಗಗಳು ನದಿಯ ಕೆಳಗೆ ಕೂಡಿಕೊಂಡವು. ಡಿಸೆಂಬರ್ 28ಕ್ಕೆ ಕ್ಯಾಸಟ್ ತೀರಿಕೊಂಡರು. ವಯಸ್ಸು 67. ಅದರಲ್ಲಿ ರೈಲು ಓಡಿದ್ದನ್ನು ಅವರು ನೋಡಲೇ ಇಲ್ಲ. 1910ರಲ್ಲಿ ತೆರೆದ ಭವ್ಯ ಪೆನ್ ಸ್ಟೇಷನ್‌ನಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ರು. 1963ರಲ್ಲಿ ಆ ಕಟ್ಟಡವನ್ನೇ ಒಡೆಯೋಕೆ ಶುರು ಮಾಡಿದ್ರು. ಉಳಿದಿದ್ದು ಕಣ್ಣಿಗೆ ಕಾಣದ ಸುರಂಗ.

2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಆ ಸುರಂಗಕ್ಕೆ ಉಪ್ಪುನೀರು ನುಗ್ಗಿತು. ನೀರನ್ನೇನೋ ಪಂಪ್ ಮಾಡಿ ತೆಗೆದ್ರು. ಆದರೆ ಕ್ಲೋರೈಡ್ ಕಾಂಕ್ರೀಟಿನೊಳಗೇ ಉಳೀತು. ಅದು ಇವತ್ತಿಗೂ ಕಾಂಕ್ರೀಟನ್ನೂ, ಪಕ್ಕದ ಗೋಡೆಯೊಳಗಿರೋ ವಿದ್ಯುತ್ ಕೇಬಲ್‌ಗಳನ್ನೂ ತಿನ್ನುತ್ತಿದೆ. 2015ರ ಜುಲೈನಲ್ಲಿ ಕೇಬಲ್ ಕೆಟ್ಟು ಒಂದೇ ವಾರದಲ್ಲಿ ಹಲವು ದಿನ ಸಾವಿರಾರು ಜನ ದಾರಿಯಲ್ಲೇ ಸಿಕ್ಕಿಕೊಂಡ್ರು.

ಹಾಗಾದ್ರೆ ಒಂದನ್ನು ಮುಚ್ಚಿ ರಿಪೇರಿ ಮಾಡಬಾರದಾ? ಲೆಕ್ಕ ನೋಡಿ. ಎರಡೂ ಇದ್ದಾಗ ದಟ್ಟಣೆ ಹೊತ್ತಲ್ಲಿ ಗಂಟೆಗೆ 24 ರೈಲು ಒಳಗೆ ಬರ್ತವೆ. ಒಂದೇ ಇದ್ರೆ 12 ಅಲ್ಲ, ಬರೀ 6! ಯಾಕಂದ್ರೆ ಒಂದೇ ಹಳಿಯಲ್ಲಿ ಎರಡೂ ದಿಕ್ಕಿನ ರೈಲು ಸರದಿ ಕಾಯಬೇಕು, ಎದುರಿನದು ಪೂರ್ತಿ ಹೊರಗೆ ಬರೋತನಕ ಈ ಕಡೆಯದು ಒಳಗೆ ಹೋಗೋ ಹಾಗಿಲ್ಲ. ಆದ್ದರಿಂದ ಮೊದಲು ಹೊಸ ಸುರಂಗ ಬೇಕು, ಆಮೇಲೆ ಹಳೆಯದರ ರಿಪೇರಿ. ಹೊಸದಕ್ಕೆ ಶುರುವಾಗಿದ್ದ ಒಂದು ಯೋಜನೆಯನ್ನು ಖರ್ಚು ಜಾಸ್ತಿ ಅಂತ 2010ರಲ್ಲಿ ನ್ಯೂಜೆರ್ಸಿ ಗವರ್ನರ್ ನಿಲ್ಲಿಸಿಬಿಟ್ಟರು. ಮುಂದೆ ಎರಡೇ ವರ್ಷಕ್ಕೆ ಸ್ಯಾಂಡಿ. ಈಗಿನ ಯೋಜನೆಯ ಕೆಲಸ ಹಿಡಿದಿದ್ದು 2023ರಲ್ಲಿ, ಅಂದಾಜು ಖರ್ಚು 16 ಬಿಲಿಯನ್ ಡಾಲರ್.

ಕ್ಯಾಸಟ್ ಕಟ್ಟಿಸಿದ್ದು ನೂರು ವರ್ಷ ತಾಳಿತು. ತೊಂದರೆ ಆಗಿದ್ದೂ ಅದರಿಂದಲೇ ಅನ್ಸುತ್ತೆ: ಇಷ್ಟು ಚೆನ್ನಾಗಿ ನಡೀತಿರೋದಕ್ಕೆ ರಜೆ ಬೇಕು ಅಂತ ಯಾರಿಗೂ ಹೊಳೀಲಿಲ್ಲ. ನಾಳೆ ನಾವೂ ಏನಾದ್ರೂ ಕಟ್ಟುತ್ತೀವಿ. ಅದನ್ನು ಒಂದು ದಿನ ನಿಲ್ಲಿಸಿ ರಿಪೇರಿ ಮಾಡೋಕೆ ಜಾಗ ಇದೆಯಾ ಅಂತ ಡ್ರಾಯಿಂಗ್ ಹಾಕೋವಾಗಲೇ ಕೇಳಿಕೊಂಡ್ರೆ ಒಳ್ಳೇದು.