ಅರಮನೆಯ ಪಾಠದಿಂದ ಸೆಂಟ್ರಲ್ ಕಾಲೇಜಿಗೆ: ಸರ್ ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಬೃಂದಾವನ ತೋಟ ನೋಡಲು ಹೋದವರಿಗೂ ಬೆಂಗಳೂರಿನ ಪುರಭವನದ ಮುಂದೆ ಬಸ್ಸಿಗೆ ಕಾದವರಿಗೂ ಅವರ ಕೆಲಸದ ಪರಿಚಯವಿದೆ. ಆದರೆ ಅವರ ಹದಿಹರೆಯದ ವಿದ್ಯಾಭ್ಯಾಸ ನಡೆದ ರೀತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರು ಎಲ್ಲರಂತೆ ಹೈಸ್ಕೂಲಿನ ಬೆಂಚಿನಲ್ಲಿ ಕುಳಿತು, ಅಲ್ಲಿಂದ ಮೆಟ್ಟಿಲು ಹತ್ತಿ ಕಾಲೇಜಿಗೆ ಹೋದವರಲ್ಲ. ಅವರ ಆ ವರ್ಷಗಳ ಓದು ಶಾಲೆಯ ಹೊರಗೆ, ಬೆರಳೆಣಿಕೆಯ ಹುಡುಗರ ಒಂದು ಖಾಸಗಿ ತರಗತಿಯಲ್ಲಿ ನಡೆಯಿತು. ಆಮೇಲೆ ಅವರು ಎಲ್ಲರಿಗೂ ತೆರೆದಿದ್ದ ಕಾಲೇಜಿಗೆ ಬಂದು ಪದವಿ ಪಡೆದರು. ಉಡಿಗಾಲ, ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ನಾನಾ ಕಾರಣಗಳಿಂದ ಮನೆಯಲ್ಲೇ ಓದುತ್ತಿರುವ ಮಕ್ಕಳಿದ್ದಾರೆ. ಅವರ ತಂದೆತಾಯಿಗಳು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಮಿರ್ಜಾ ಅವರ ತಾತ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದವರು. ಹದಿನಾರರ ಹರೆಯದಲ್ಲಿ, 1824ರಲ್ಲಿ, ಸೋದರರ ಜೊತೆ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದರು. ಕುದುರೆ ವ್ಯಾಪಾರದಿಂದ ಬೆಳೆದು, ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ತಂದೆ ಆಗಾ ಜಾನ್ ಮೈಸೂರು ಮಹಾರಾಜರ ಅಂಗರಕ್ಷಕ ಅಧಿಕಾರಿಯಾಗಿದ್ದರು. ಇಂಥ ಮನೆಯಲ್ಲಿ 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಮಿರ್ಜಾ ಹುಟ್ಟಿದರು. ಬಡತನದಿಂದ ಮೇಲೆ ಬಂದ ಕಥೆ ಇದಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅನುಕೂಲವಿದ್ದವರೆಲ್ಲರೂ ಮಿರ್ಜಾ ಆಗಲಿಲ್ಲ ಎಂಬುದೂ ಅಷ್ಟೇ ನಿಜ.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದರು. ಅವರ ಮಗ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತದ ಹೊಣೆ ಹೊತ್ತರು. ಬಾಲರಾಜನ ವಿದ್ಯಾಭ್ಯಾಸ ಅರಮನೆಯ ಮೇಲ್ವಿಚಾರಣೆಯಲ್ಲೇ ನಡೆಯಿತು. ಮೊದಲು ಪಿ. ರಾಘವೇಂದ್ರರಾಯರು ಮೈಸೂರಿನ ಲೋಕರಂಜನ ಮಹಲಿನಲ್ಲಿ ಪಾಠ ಹೇಳಿದರು. 1896ರಲ್ಲಿ ಸ್ಟುವರ್ಟ್ ಫ್ರೇಜರ್ ಎಂಬ ಐ.ಸಿ.ಎಸ್. ಅಧಿಕಾರಿ ಶಿಕ್ಷಕರಾಗಿ ಬಂದರು. ರಾಜಕುಮಾರ ಒಬ್ಬನೇ ಕುಳಿತು ಓದಿದರೆ ಸರಿಹೋಗದು, ಜೊತೆಗೆ ಸಮವಯಸ್ಕರು ಬೇಕು ಎಂಬ ತಿಳಿವಳಿಕೆ ಆ ಏರ್ಪಾಡಿನಲ್ಲಿತ್ತು. ಕೆಲವು ಹುಡುಗರನ್ನು ಆರಿಸಿ ಒಂದು ಚಿಕ್ಕ ತರಗತಿ ಮಾಡಿದರು. ಬೆಂಗಳೂರಿನ ಶಾಲೆಯಲ್ಲಿ ಓದುತ್ತಿದ್ದ ಮಿರ್ಜಾ, ಮಹಾರಾಜರಿಗಿಂತ ಸುಮಾರು ಏಳು ತಿಂಗಳು ದೊಡ್ಡವರು, ಆ ತರಗತಿಗೆ ಸೇರಿದರು. ಅಂದಹಾಗೆ ಅರಿಕುಠಾರ ಎಂಬ ನಮ್ಮೂರಿಗೆ ಚಾಮರಾಜನಗರ ಎಂಬ ಹೆಸರು ಬಂದದ್ದೂ ಈ ರಾಜಮನೆತನದಿಂದಲೇ. ಮುಮ್ಮಡಿ ಕೃಷ್ಣರಾಜರು ಇಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗೆ ಇಟ್ಟ ಹೆಸರದು.

ಫ್ರೇಜರ್ ಬಗ್ಗೆ ಒಂದು ಮಾತು. ಮೈಸೂರಿಗೆ ಬರುವ ಮೊದಲು ಅವರು ನಮ್ಮ ಧಾರವಾಡದಲ್ಲೇ ಇಂಥದೊಂದು ಖಾಸಗಿ ತರಗತಿ ನಡೆಸಿದ್ದರು. ಕೊಲ್ಹಾಪುರದ ಶಾಹು ಮಹಾರಾಜರು 1890ರಿಂದ 1894ರವರೆಗೆ ಅವರ ಕೈಕೆಳಗೆ ಓದಿದ್ದು ಅಲ್ಲಿ. ಶಾಹು ಅವರು 1902ರಲ್ಲಿ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಶೇಕಡ 50 ಭಾಗವನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟರು. ಮೈಸೂರಿನ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮುಸಲ್ಮಾನರೂ ಸೇರಿದಂತೆ ಹಿಂದುಳಿದವರೆಲ್ಲರಿಗೂ ಶಾಲೆ ಮತ್ತು ನೌಕರಿಯಲ್ಲಿ ಅವಕಾಶ ಕೊಡುವ ದಾರಿ ಅಲ್ಲಿಂದ ತೆರೆಯಿತು. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಇದನ್ನು ಮಾಡಿದರು. ಗುರುವೇ ಇದನ್ನು ಹೇಳಿಕೊಟ್ಟರು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಫುಲೆ ಅವರಂಥವರ ಹೋರಾಟದ ಹಿನ್ನೆಲೆಯಿದೆ. ಆದರೂ ಈ ಕಾಕತಾಳೀಯ ಗಮನಿಸತಕ್ಕದ್ದು.

ಆ ಅರಮನೆಯ ಶಿಕ್ಷಣದಲ್ಲಿ ಪುಸ್ತಕ ಒಂದು ಭಾಗ ಮಾತ್ರ. ರಾಜಕುಮಾರನಿಗೆ ಇಂಗ್ಲಿಷಿನ ಜೊತೆಗೆ ಕನ್ನಡ, ಸಂಸ್ಕೃತ, ಸಂಗೀತ, ಕುದುರೆ ಸವಾರಿ ಕಲಿಸಿದರು. ಕಾನೂನಿನ ತತ್ವ, ಕಂದಾಯದ ಲೆಕ್ಕ ತಿಳಿಸಿದರು. ಸಂಸ್ಥಾನದ ಊರೂರು ಸುತ್ತಿಸಿದರು. ಓದಿದ್ದನ್ನು ಕಣ್ಣಾರೆ ಕಾಣುವ ಪದ್ಧತಿ ಅದು. ಮುಂದೆ ದಿವಾನರಾದಾಗ ಮಿರ್ಜಾ ಬೆಳಗಾಗುವಷ್ಟರಲ್ಲಿ ಬೀದಿಗಿಳಿದು ಚರಂಡಿ, ಉದ್ಯಾನ, ಆಸ್ಪತ್ರೆಗಳನ್ನು ತಾವೇ ನೋಡಿ ಬರುತ್ತಿದ್ದರಷ್ಟೆ. ಆ ಅಭ್ಯಾಸದ ಬೇರು ಇಂಥ ಬಾಲ್ಯದಲ್ಲಿ ಇತ್ತೆಂದು ನನ್ನ ಊಹೆ. ಮನೆಪಾಠದ ದೊಡ್ಡ ಲಾಭ ಇದೇ: ಗಂಟೆ ಹೊಡೆಯುವುದಿಲ್ಲ, ಮಗು ನೋಡುತ್ತಾ ಕಲಿಯಲು ಸಮಯವಿರುತ್ತದೆ.

ಆದರೆ ಕೊರತೆಯೂ ಇದೆ. ಪ್ರೀತಿಯಿಂದ ಪಾಠ ಹೇಳುವ ಗುರುವೇ ಅಂಕವನ್ನೂ ಕೊಟ್ಟರೆ ಮಗು ಎಷ್ಟು ಕಲಿತಿದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಮಹಾರಾಜರಿಗೆ ಈ ತೊಂದರೆ ಇರಲಿಲ್ಲ. 1902ರ ಆಗಸ್ಟ್ 8ರಂದು ವೈಸರಾಯ್ ಕರ್ಜನ್ ಬಂದು ಅಧಿಕಾರ ವಹಿಸಿಕೊಟ್ಟರು. ಅವರಿಗೆ ಯಾವ ಕಾಲೇಜಿನ ಅರ್ಜಿಯೂ ಬೇಕಿರಲಿಲ್ಲ. ಸಹಪಾಠಿಯ ವಿಷಯ ಹಾಗಲ್ಲ. ಅರಮನೆಯ ಸ್ನೇಹ, ತಂದೆಯ ಸ್ಥಾನ ಎರಡೂ ಇದ್ದ ಮಿರ್ಜಾ ಪದವಿಯಿಲ್ಲದೆಯೇ ಒಂದು ಹುದ್ದೆಗೆ ಸೇರಬಹುದಿತ್ತು ಎಂದು ನನಗನ್ನಿಸುತ್ತದೆ. ಅವರು ಹಾಗೆ ಮಾಡದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿ ಪಡೆದರು.

ಆ ಕಾಲದ ಕಾಲೇಜು ಎಂದರೆ ಏನೆಂದು ನೀವು ತಿಳಿಯಬೇಕು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮೆಟ್ರಿಕ್ಯುಲೇಷನ್ ದಾಟಿ, ಎರಡು ವರ್ಷ ಎಫ್.ಎ., ಮತ್ತೆ ಎರಡು ವರ್ಷ ಬಿ.ಎ. ಉತ್ತರ ಪತ್ರಿಕೆ ತಿದ್ದುವವರು ದೂರದ ಮದರಾಸಿನ ಪರೀಕ್ಷಕರು. ಅವರಿಗೆ ಅಭ್ಯರ್ಥಿ ಅರಮನೆಯವನೋ ಗುಡಿಸಲಿನವನೋ ತಿಳಿಯದು. ಇದೇ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಓದಿದ್ದ ವಿಶ್ವೇಶ್ವರಯ್ಯನವರು ಊಟ ವಸತಿಗಾಗಿ ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಒಬ್ಬರು ಮನೆಪಾಠ ಹೇಳಿ ಕಾಲೇಜು ಮುಗಿಸಿದವರು, ಇನ್ನೊಬ್ಬರು ಮನೆಪಾಠ ಕೇಳಿ ಕಾಲೇಜಿಗೆ ಬಂದವರು. ಇಬ್ಬರೂ ಮೈಸೂರಿನ ದಿವಾನರಾದರು. ರಾಜಾಜಿಯವರೂ ಅದೇ ಕಾಲೇಜಿನ ವಿದ್ಯಾರ್ಥಿ.

ಈಗ ಉಡಿಗಾಲಕ್ಕೆ ಬರೋಣ. ಇಂದು ಮಿರ್ಜಾರ ಸ್ಥಾನದಲ್ಲಿ ನಿಮ್ಮ ಮಗಳೋ ಮಗನೋ ಇದ್ದರೆ ಫ್ರೇಜರ್ ಸಾಹೇಬರು ಬರುವುದಿಲ್ಲ. ಕುರ್‌ಆನ್ ಹಿಫ್ಝ್ ಮುಗಿಸಿದ ಹುಡುಗ, ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿ, ಅನಾರೋಗ್ಯದಿಂದ ಮನೆಯಲ್ಲೇ ಉಳಿದ ಮಗು, ಇವರಿಗೆ ಬುದ್ಧಿಯ ಕೊರತೆಯಿಲ್ಲ. ಕೊರತೆ ಇರುವುದು ಹೊರಗಿನ ಪರೀಕ್ಷಕನೊಬ್ಬ ಬರೆದುಕೊಡುವ ಕಾಗದದ್ದು. ಆ ಕಾಗದ ಸಿಗುವ ದಾರಿ ಎರಡು. 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಬಹುದು, ಅದಕ್ಕೆ ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ವರ್ಷದ ಮೊದಲೇ ಕಾಣಬೇಕು. ಇನ್ನೊಂದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಜನ ಎನ್‌ಐಒಎಸ್ ಎನ್ನುವುದು ಇದನ್ನೇ. 1989ರಲ್ಲಿ ಶುರುವಾದದ್ದು. ಅಲ್ಲಿ 14 ವರ್ಷಕ್ಕೆ ಹತ್ತನೇ ತರಗತಿಯ ಮಟ್ಟಕ್ಕೂ 15ಕ್ಕೆ ಹನ್ನೆರಡರ ಮಟ್ಟಕ್ಕೂ ದಾಖಲಾಗಬಹುದು. ಹತ್ತರ ಪ್ರಮಾಣಪತ್ರಕ್ಕೂ ಹನ್ನೆರಡರದ್ದಕ್ಕೂ ನಡುವೆ ಎರಡು ವರ್ಷ ಅಂತರವಿರಬೇಕು. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಏಪ್ರಿಲ್-ಮೇ ಒಂದು ಸರದಿ, ಅಕ್ಟೋಬರ್-ನವೆಂಬರ್ ಇನ್ನೊಂದು. ಒಂದೇ ಸಲ ಐದನ್ನೂ ಬರೆಯಬೇಕಿಲ್ಲ. ಹೆದರುವ ಮಗುವಿಗೆ ಮೊದಲ ಸರದಿಯಲ್ಲಿ ಎರಡು ಸುಲಭದ ವಿಷಯ ಬರೆಸಿ ನೋಡಿ. ಪಾಸಾದ ಚೀಟಿ ಕೈಗೆ ಬಂದ ಮೇಲೆ ಗಣಿತಕ್ಕೂ ಧೈರ್ಯ ಬರುತ್ತದೆ.

ವಿಷಯ ಆರಿಸುವಾಗಲೇ ಕಾಲೇಜನ್ನು ಯೋಚಿಸಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ತೆಗೆದುಕೊಳ್ಳದ ಹುಡುಗಿ ಮುಂದೆ ನೀಟ್ ಬರೆಯುತ್ತೇನೆಂದರೆ ಆ ವಿಷಯಗಳನ್ನು ಆಮೇಲೆ ಓದಿ ಪಾಸಾಗಬೇಕಾಗುತ್ತದೆ. ಕರ್ನಾಟಕದ ಸಿಇಟಿಗೆ ಹೆಚ್ಚಿನವರು ಅರ್ಹರಾಗುವುದು ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಏಳು ವರ್ಷ ಓದಿದ ದಾಖಲೆಯ ಮೇಲೆ. ಮನೆಯಲ್ಲೇ ಓದಿದವರ ಹತ್ತಿರ ಅದು ಇರುವುದಿಲ್ಲ. ತಂದೆತಾಯಿಯ ಹಿನ್ನೆಲೆಯನ್ನು ಆಧರಿಸಿದ ಬೇರೆ ಷರತ್ತುಗಳಿವೆ. ತಮ್ಮ ಮಗು ಅದರಡಿ ಬರುತ್ತದೆಯೇ ಎಂದು ಆ ವರ್ಷದ ಮಾಹಿತಿ ಪುಸ್ತಕವನ್ನು ಹದಿನೈದನೇ ವಯಸ್ಸಿನಲ್ಲೇ ಓದಿ ನೋಡಿ, ಹದಿನೆಂಟರಲ್ಲಿ ಅಲ್ಲ. ಕೇಂದ್ರ ವಿಶ್ವವಿದ್ಯಾನಿಲಯಗಳ ಸಿಯುಇಟಿ 2022ರಿಂದ ನಡೆಯುತ್ತಿದೆ. ಅದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಬಿ.ಎ., ಬಿ.ಕಾಂ. ಸಾಕೆನ್ನುವವರಿಗೆ ಗುಂಡ್ಲುಪೇಟೆ, ಚಾಮರಾಜನಗರದ ಸರ್ಕಾರಿ ಕಾಲೇಜುಗಳಿವೆ. ಅಲ್ಲಿ ಅಂಕಪಟ್ಟಿಯ ಜೊತೆಗೆ ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ ಕೇಳುತ್ತಾರೆ. ಎರಡನ್ನೂ ಫಲಿತಾಂಶ ಬಂದ ವಾರವೇ ಪರೀಕ್ಷೆ ನಡೆಸಿದ ಮಂಡಳಿಯಿಂದ ತರಿಸಿಕೊಳ್ಳಬೇಕು. ಪ್ರವರ್ಗ 2ಬಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ಇನ್ನೂ ಮುಂಚೆ. ಆ ಕಾಗದದ ವಂಶಾವಳಿ ಹುಡುಕಿದರೆ ಮಿರ್ಜಾರ ಸಹಪಾಠಿ ನೇಮಿಸಿದ ಆ ಮಿಲ್ಲರ್ ಸಮಿತಿಗೇ ಹೋಗಿ ಮುಟ್ಟುತ್ತೀರಿ. ಜನ್ಮ ದಿನಾಂಕ, ಹೆಸರಿನ ಅಕ್ಷರ ಎಲ್ಲ ಕಾಗದಗಳಲ್ಲೂ ಒಂದೇ ಇರಲಿ. ಆಧಾರಿನಲ್ಲಿ ಬಾನು, ಅಂಕಪಟ್ಟಿಯಲ್ಲಿ ಬೇಗಂ ಎಂದಾದರೆ ಓಡಾಟ ತಪ್ಪುವುದಿಲ್ಲ.

ತಂದೆತಾಯಿಗಳು ಸಾಮಾನ್ಯವಾಗಿ ಕಡೆಗಣಿಸುವ ಇನ್ನೊಂದು ವಿಷಯವಿದೆ. ಮನೆಯಲ್ಲಿ ಓದಿದ ಮಗುವಿಗೆ ಮೂರು ಗಂಟೆ ಕಾಲ ಅಪರಿಚಿತರ ನಡುವೆ ಕುಳಿತು ಬರೆದು ಗೊತ್ತಿರುವುದಿಲ್ಲ. ಫ್ರೇಜರ್ ತರಗತಿಯಲ್ಲಿ ಕೆಲವರಾದರೂ ಜೊತೆಗಾರರಿದ್ದರು. ನಿಮ್ಮ ಬೀದಿಯಲ್ಲೂ ಇಂಥ ಮಕ್ಕಳು ಮೂರು ನಾಲ್ಕು ಮಂದಿ ಸಿಕ್ಕಾರು. ಸಂಜೆ ಅವರನ್ನು ಒಂದೆಡೆ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಬರೆಸಿ. ತಿದ್ದಲು ತಾಯಿಗೆ ಕೊಡಬೇಡಿ, ಆ ಮಗುವನ್ನು ನೋಡಿರದ ಶಿಕ್ಷಕರೊಬ್ಬರಿಗೆ ಕೊಡಿ.

ಮಿರ್ಜಾ 1905ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದ್ದು ಪೊಲೀಸ್ ಇಲಾಖೆಯ ಸಹಾಯಕ ಸೂಪರಿಂಟೆಂಡೆಂಟ್ ಆಗಿ. 1908ರಲ್ಲಿ ಮಹಾರಾಜರ ಸಹಾಯಕ ಕಾರ್ಯದರ್ಶಿ, ಆಮೇಲೆ ಹುಜೂರ್ ಕಾರ್ಯದರ್ಶಿ, ಖಾಸಗಿ ಕಾರ್ಯದರ್ಶಿ. 1926ರ ಮೇ ತಿಂಗಳಲ್ಲಿ ದಿವಾನರಾದರು, 1941ರವರೆಗೆ ಆ ಸ್ಥಾನದಲ್ಲಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಹಳ್ಳಿಗಳಿಗೆ ವಿದ್ಯುತ್ತು ಆ ಕಾಲದ್ದು. ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. 1928ರ ಬೆಂಗಳೂರಿನ ಗಣಪತಿ ಗಲಭೆಯಲ್ಲಿ ಅವರ ಧರ್ಮವನ್ನೇ ಎತ್ತಿ ಆಡಿದವರಿದ್ದರು. 1938ರ ವಿದುರಾಶ್ವತ್ಥದ ಗೋಲಿಬಾರಿನ ಕಳಂಕ ಅವರ ಆಡಳಿತಕ್ಕೆ ಅಂಟಿಕೊಂಡಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳಲ್ಲಿ ಭಾಗವಹಿಸಿದರು. 1942ರಿಂದ 1946ರವರೆಗೆ ಜಯಪುರದ ಪ್ರಧಾನಿ, ಅಲ್ಲಿನ ಎಂ.ಐ. ರಸ್ತೆ ಎಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆಯೇ. ನಂತರ 1947ರವರೆಗೆ ಹೈದರಾಬಾದಿನಲ್ಲಿ ಅದೇ ಹುದ್ದೆ. 1954ರಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರು ಬಿ.ಎ. ಓದಿದ ಸೆಂಟ್ರಲ್ ಕಾಲೇಜಿನ ಗಡಿಯಾರ ಗೋಪುರದ ಕಟ್ಟಡ ಇಂದಿಗೂ ಇದೆ. ಮೈಸೂರು ಬ್ಯಾಂಕ್ ವೃತ್ತದಲ್ಲಿ ಇಳಿದರೆ ನಡೆದೇ ಹೋಗಬಹುದು. ಅರ್ಜಿ ಕೆಲಸಕ್ಕೆ ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ ತೋರಿಸಿ ಬನ್ನಿ.