ಜ್ವರದ ನಾಡಿನಲ್ಲಿ ವೈದ್ಯ ಯಾತ್ರಿಕ

ಚಿತ್ರದುರ್ಗದಿಂದ ಹಿರಿಯೂರಿಗೆ ಇಂದು ಒಂದು ಗಂಟೆಯೊಳಗೆ ತಲುಪಬಹುದು. ದಾರಿಯಲ್ಲಿ ಬಾಯಾರಿದರೆ ನೀರು ಸಿಗುತ್ತದೆ; ಕಾಯಿಲೆಯಾದರೆ ಆಸ್ಪತ್ರೆಯಿದೆ. ಆದರೆ ಇನ್ನೂರು ವರ್ಷಗಳಿಗೂ ಹಿಂದೆ ಈ ದಾರಿ ಹೀಗಿರಲಿಲ್ಲ. ಬೋಳು ಬೆಟ್ಟಗಳು, ಕುರುಚಲು ಕಾಡು, ಬಿಸಿಲಿಗೆ ಬತ್ತಿದ ಕೆರೆಗಳು, ಯುದ್ಧದಿಂದ ಪಾಳುಬಿದ್ದ ಹಳ್ಳಿಗಳು. ಅಂದು ಮನೆಯಿಂದ ಹೊರಟವನು ಮರಳಿ ಬರುವನೆಂಬ ಭರವಸೆ ಇರಲಿಲ್ಲ. ಅಂತಹ ಕಾಲದಲ್ಲಿ ಈ ದಾರಿಯನ್ನು ತುಳಿದು, ಕಂಡದ್ದನ್ನೆಲ್ಲ ಬರೆದಿಟ್ಟ ವೈದ್ಯನೊಬ್ಬನಿದ್ದನು. ಅವನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ನನು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನೂ, ಜಾನ್ ಹೋಪ್ ಎಂಬ ವಿದ್ವಾಂಸನಲ್ಲಿ ಸಸ್ಯಶಾಸ್ತ್ರವನ್ನೂ ಕಲಿತು, 1783ರಲ್ಲಿ ವೈದ್ಯ ಪದವಿಯನ್ನು ಪಡೆದನು. ಆ ಪದವಿಗಾಗಿ ಅವನು ಆರಿಸಿಕೊಂಡ ವಿಷಯ, ಬಿಟ್ಟುಬಿಟ್ಟು ಬರುವ ಚಳಿಜ್ವರ. ಮುಂದೆ ಅದೇ ಜ್ವರದ ನಾಡುಗಳಲ್ಲಿ ತನ್ನ ಆಯುಷ್ಯದ ಅನೇಕ ವರ್ಷಗಳನ್ನು ಕಳೆಯುವುದೆಂದು ಆ ತರುಣನು ಎಣಿಸಿರಲಾರನು. ಕೆಲವು ಕಾಲ ಹಡಗುಗಳಲ್ಲಿ ದುಡಿದು, 1794ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯಸೇವೆಗೆ ಸೇರಿದನು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಮೈಸೂರು ಸೀಮೆಯ ಬೇಸಾಯ, ವ್ಯಾಪಾರ, ಕೈಗಾರಿಕೆ, ಹವಾಮಾನ ಮತ್ತು ಜನಜೀವನಗಳನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ನೇಮಿಸಿದನು. ಕಂಪನಿಯ ಉದ್ದೇಶ ತನ್ನ ಲಾಭವೇ ಆಗಿತ್ತು. ಆದರೂ ಬುಕಾನನ್ನನ ಶ್ರದ್ಧೆಯಿಂದ ನಮ್ಮ ನಾಡಿನ ಅಂದಿನ ಬಾಳಿನ ಅಪೂರ್ವ ಚಿತ್ರವೊಂದು ಉಳಿಯಿತು.

1800ರ ಏಪ್ರಿಲ್ 23ರಂದು ಅವನು ಮದರಾಸಿನಿಂದ ಹೊರಟನು. ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, ಘಟ್ಟವನ್ನೇರಿ, 1801ರ ಬೇಸಿಗೆಯಲ್ಲಿ ಹರಿಹರ, ದಾವಣಗೆರೆಗಳ ಮಾರ್ಗವಾಗಿ ಚಿತ್ರದುರ್ಗಕ್ಕೆ ಬಂದನು. ಅಲ್ಲಿಂದ ವೇದಾವತಿಯ ದಡದ ಹಿರಿಯೂರಿಗೆ ಸಾಗಿದನು. ಹೋದಲ್ಲೆಲ್ಲ ರೈತರನ್ನೂ ನೇಕಾರರನ್ನೂ ದ್ವಿಭಾಷಿಗಳ ಮೂಲಕ ಮಾತನಾಡಿಸುತ್ತಿದ್ದನು. ಕಪ್ಪುಮಣ್ಣಿನ ಬೇಸಾಯ, ಕಂಬಳಿಯ ನೇಯ್ಗೆ, ಗಿಡಮರಗಳ ಗುಣ, ಎಲ್ಲವೂ ದಿನದಿನದ ಬರವಣಿಗೆಯಲ್ಲಿ ಸೇರುತ್ತಿದ್ದವು. 1791–92ರ ಯುದ್ಧದಲ್ಲಿ ಮರಾಠಾ ಸೈನ್ಯವು ಈ ಸೀಮೆಯನ್ನು ಹಾಯ್ದಾಗ ಉಂಟಾದ ಹಾಳನ್ನೂ ಹಸಿವನ್ನೂ ಅವನು ಮರೆಯದೆ ದಾಖಲಿಸಿದನು.

ಇಂತಹ ಪ್ರಯಾಣದಲ್ಲಿ ಹುಲಿ ಚಿರತೆಗಳಿಗಿಂತ ಭಯಂಕರವಾದ ಶತ್ರು ಜ್ವರ. ಕಾಡುಸೀಮೆಯ ಜನರು ಕಾಡನ್ನೂ ಅಲ್ಲಿಯ ನೀರನ್ನೂ ಜ್ವರಕ್ಕೆ ಕಾರಣವೆನ್ನುತ್ತಿದ್ದರು. ಕೊಳೆತ ಸೊಪ್ಪುಸದೆಗಳಿಂದ ಏಳುವ ಕೆಟ್ಟ ಗಾಳಿಯೇ ಜ್ವರದ ಮೂಲವೆಂದು ಯುರೋಪಿನ ವೈದ್ಯರು ನಂಬಿದ್ದರು. ಸಿಂಕೋನಾ ಮರದ ತೊಗಟೆ ಜ್ವರವನ್ನು ಇಳಿಸುವುದೆಂದು ಅವರಿಗೆ ಗೊತ್ತಿತ್ತು; ಆದರೆ ಜ್ವರವು ಬರುವ ಬಗೆ ಗೊತ್ತಿರಲಿಲ್ಲ. ಜ್ವರವನ್ನೇ ಕುರಿತು ಓದಿದ್ದ ವೈದ್ಯನೂ ಡೇರೆಯೊಳಗೆ ಗುಂಯ್‌ಗುಡುವ ಸೊಳ್ಳೆಯನ್ನು ಶಂಕಿಸುವಂತಿರಲಿಲ್ಲ. 1880ರಲ್ಲಿ ಲಾವೆರನ್ ಮಲೇರಿಯಾದ ರೋಗಾಣುವನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಆ ರೋಗಾಣುವನ್ನು ಸೊಳ್ಳೆಯ ಒಡಲಲ್ಲಿ ಗುರುತಿಸಿದನು. ಆ ವೇಳೆಗೆ ಬುಕಾನನ್ನನ ಯಾತ್ರೆ ಮುಗಿದು ತೊಂಬತ್ತಾರು ವರ್ಷಗಳಾಗಿದ್ದವು.

ನೀರಿನಲ್ಲಿಯೂ ಅಪಾಯವಡಗಿತ್ತು. ಜನರು ಕಾಲಿಟ್ಟು ಇಳಿಯುವ ಮೆಟ್ಟಿಲು ಬಾವಿಗಳ ನೀರಿನಿಂದ ಕರ್ನಾಟಕದ ಒಣನಾಡಿನಲ್ಲಿ ನಾರುಹುಣ್ಣು ಹರಡುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಶೋಧಿಸುವ ಸರಳ ಅಭ್ಯಾಸವು ಈ ರೋಗವನ್ನು ಓಡಿಸಲು ಬಹಳವಾಗಿ ನೆರವಾಯಿತು. 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು.

ಬುಕಾನನ್ನನು 1801ರ ಜುಲೈಯಲ್ಲಿ ಮದರಾಸಿಗೆ ಮರಳಿದನು. ಅವನ ಪ್ರಯಾಣದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅನಂತರ ಏಳು ವರ್ಷ ಬಂಗಾಳ, ಬಿಹಾರಗಳನ್ನು ಸುತ್ತಿ, 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಆದರೆ ದೇಹ ದಣಿದಿತ್ತು. ಅನಾರೋಗ್ಯದಿಂದ 1815ರಲ್ಲಿ ಭಾರತವನ್ನು ಬಿಡಬೇಕಾಯಿತು. ಆಗಲೂ ಲೇಖನಿಯನ್ನು ಕೆಳಗಿಡದೆ, ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು 1822ರಲ್ಲಿ ಹೊರತಂದನು. 1829ರ ಜೂನ್ 15ರಂದು ತೀರಿಕೊಂಡನು.

ಬುಕಾನನ್ನನ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆಳುವವರ ಕಣ್ಣಿನಿಂದ ನೋಡಿದವನು ಆಳಿಸಿಕೊಳ್ಳುವವರ ಮನಸ್ಸನ್ನು ಎಲ್ಲೆಡೆಯೂ ಅರಿತಿರಲಾರನು. ಆದರೆ ಕಂಡದ್ದನ್ನು ಅಂದೇ ಬರೆದಿಡುವ ಶಿಸ್ತು, ಹಳ್ಳಿಯವನನ್ನು ಕೇಳಿ ತಿಳಿಯುವ ಕುತೂಹಲ, ಇವು ಇಂದಿಗೂ ಆದರ್ಶಪ್ರಾಯ. ಅವನಿಗೆ ದೊರೆಯದ ತಿಳಿವಳಿಕೆ ಇಂದು ನಮ್ಮ ಕೈಯಲ್ಲಿದೆ. ಜೋಗಿಮಟ್ಟಿಯನ್ನಾಗಲಿ, ಹೊಳಲ್ಕೆರೆ ಹೊಸದುರ್ಗಗಳ ಗುಡ್ಡಗಳನ್ನಾಗಲಿ ಹತ್ತುವಾಗ ಕುದಿಸಿ ಆರಿಸಿದ ನೀರನ್ನು ಒಯ್ಯಬೇಕು. ಬಿಸಿಲೇರುವ ಮುನ್ನ ನಡೆಯಬೇಕು. ರಾತ್ರಿ ತಂಗಿದರೆ ಸೊಳ್ಳೆಪರದೆಯೊಳಗೆ ಮಲಗಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ಬೇಗನೆ ಆಸ್ಪತ್ರೆಗೆ ಸೇರಿಸಬೇಕು. ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. ಅನೇಕರ ಪ್ರಾಣ ಮತ್ತು ಪರಿಶ್ರಮಗಳ ಬೆಲೆ ಅದಕ್ಕೆ ಸಂದಿದೆ. ಅದನ್ನು ಅರಿತು ನಡೆಯುವುದೇ ಅವರಿಗೆ ನಾವು ಸಲ್ಲಿಸುವ ಗೌರವ.